ಮಾತ್ರೆಯಿಂದಲೇ ಬರುವ ತಲೆನೋವು: ಕ್ಯಾಲೆಂಡರ್ ಹಿಡಿದು ಹೊರಬರುವುದು ಹೇಗೆ

ನಮ್ಮ ಮನೆಯ ಹಾಲಿನ ಲೆಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಹಾಲು ಹಾಕದ ದಿನಕ್ಕೆ ಒಂದು ಸೊನ್ನೆ, ಒಂದು ಪ್ಯಾಕೆಟ್ ಜಾಸ್ತಿ ತಗೊಂಡ ದಿನಕ್ಕೆ ಒಂದು ಗೀಟು. ಒಂದು ತಿಂಗಳು ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಇನ್ನೊಂದು ಲೆಕ್ಕವನ್ನೂ ಬರೆದೆ. ತಲೆನೋವಿಗೆ ಮಾತ್ರೆ ನುಂಗಿದ ದಿನಗಳ ಲೆಕ್ಕ. ಬರೆಯಲು ಹೇಳಿದ್ದು ಡಾಕ್ಟರು. "ತಿಂಗಳಿಗೆ ಎಷ್ಟು ದಿನ ಮಾತ್ರೆ ತಗೋತೀರಮ್ಮ?" ಅಂತ ಅವರು ಕೇಳಿದಾಗ, "ಬೇಕಾದಾಗ ಮಾತ್ರ ಸರ್, ಏಳೆಂಟು ದಿನ ಇರಬಹುದು" ಅಂದಿದ್ದೆ. ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ತಿಂಗಳು ಮುಗಿದ ಮೇಲೆ ಎಣಿಸಿದರೆ ಕೆಂಪು ಗುರುತು 22 ಇದ್ದವು.

ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಾಲೇಜಿನ ದಿನಗಳಿಂದಲೂ ಅರೆತಲೆನೋವು, ಅಂದರೆ ಮೈಗ್ರೇನ್, ಇದೆ. ಮೊದಲು ತಿಂಗಳಿಗೆ ಎರಡು ಸಲ ಬರುತ್ತಿತ್ತು. ಆಮೇಲೆ ವಾರಕ್ಕೆ ಎರಡು ಸಲ ಆಯಿತು. ಕೊನೆಗೆ ಬೆಳಗ್ಗೆ ಕಣ್ಣು ಬಿಡುವ ಹೊತ್ತಿಗೇ ತಲೆ ಕಲ್ಲಿನ ಹಾಗೆ ಭಾರವಾಗಿರುತ್ತಿತ್ತು. ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಹಗುರ, ಸಂಜೆಗೆ ಮತ್ತೆ ಶುರು. ನೋವು ಜಾಸ್ತಿಯಾಗಿದ್ದಕ್ಕೆ ಮಾತ್ರೆ ಜಾಸ್ತಿಯಾಗಿದೆ ಅಂತ ತಿಳಿದಿದ್ದೆ. ಮಾತ್ರೆ ಜಾಸ್ತಿಯಾಗಿದ್ದಕ್ಕೇ ನೋವು ಜಾಸ್ತಿಯಾಗಿರಬಹುದು ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ನೂರು ಜನರಲ್ಲಿ ಒಬ್ಬಿಬ್ಬರಿಗೆ ಈ ತೊಂದರೆ ಇರುತ್ತದೆ. ಅದರಲ್ಲೂ ಹೆಂಗಸರಿಗೆ ಜಾಸ್ತಿ. ನಾನು ಡಾಕ್ಟರಲ್ಲ. ಆದರೆ ಈ ದಾರಿಯಲ್ಲಿ ನಡೆದು ಬಂದಿದ್ದೇನೆ, ದಾರಿಯುದ್ದಕ್ಕೂ ಕೇಳಿ, ಓದಿ ತಿಳಿದುಕೊಂಡಿದ್ದೇನೆ. ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ನಿಲ್ಲಿಸುವ ತೀರ್ಮಾನವನ್ನು ಮಾತ್ರ ನಿಮ್ಮ ಡಾಕ್ಟರ ಜೊತೆ ಕೂತೇ ಮಾಡಿ.

ಎಲ್ಲಕ್ಕಿಂತ ಮೊದಲು: ಕಾಯಬಾರದ ತಲೆನೋವು

ಕೆಲವು ತಲೆನೋವಿಗೆ ಕ್ಯಾಲೆಂಡರ್ ಹಿಡಿದು ಕೂರುವ ಹಾಗಿಲ್ಲ. ಒಂದೇ ನಿಮಿಷದಲ್ಲಿ ಸಿಡಿಲು ಹೊಡೆದ ಹಾಗೆ ಬರುವ ನೋವು. ಜ್ವರದ ಜೊತೆ ಕುತ್ತಿಗೆ ಬಿಗಿಯಾಗುವುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್, ಇದ್ದಕ್ಕಿದ್ದ ಹಾಗೆ ಕಣ್ಣು ಮಂಜಾಗುವುದು. ತಲೆಗೆ ಪೆಟ್ಟು ಬಿದ್ದ ನಂತರದ ನೋವು. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ, ಇಲ್ಲವೇ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. 50 ವರ್ಷ ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ, ಕೆಮ್ಮಿದಾಗ ಮುಕ್ಕಿದಾಗ ಜಾಸ್ತಿಯಾಗುವ ನೋವನ್ನೂ ಬೇಗ ತೋರಿಸಬೇಕು.

ಬಸುರಿ, ಬಾಣಂತಿಯರ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಬಸುರಿಯಲ್ಲಿ ಹೊಸ ತಲೆನೋವು ಬಂದರೆ ಅದು ಬಿಪಿ ಏರಿದ್ದರ ಗುರುತು ಇರಬಹುದು. ಬಾಣಂತಿಗೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಬರಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈಗಲೂ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಈ ಅಪಾಯ ಏರುತ್ತದೆ. ಅವರಿಗೆ ತಲೆನೋವು ಬಂದರೆ "ನಿದ್ದೆ ಇಲ್ಲ, ಅದಕ್ಕೇ" ಅಂತ ಬಿಡಬೇಡಿ.

ಹೆಜ್ಜೆ 1: ಮಾತ್ರೆಗಳನ್ನಲ್ಲ, ದಿನಗಳನ್ನು ಎಣಿಸಿ

ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಎರಡು ಗುರುತಿಗೆ ಜಾಗವಿದೆ. ತಲೆ ನೋವು ಬಂದ ದಿನಕ್ಕೆ "ನೋ", ಮಾತ್ರೆ ತಗೊಂಡ ದಿನಕ್ಕೆ "ಮಾ". ಒಂದು ದಿನ ಒಂದೇ ಮಾತ್ರೆ ನುಂಗಿದರೂ ಒಂದು "ಮಾ", ನಾಲ್ಕು ನುಂಗಿದರೂ ಒಂದೇ "ಮಾ". ಈ ಕಾಯಿಲೆಯಲ್ಲಿ ಮುಖ್ಯವಾಗಿ ನೋಡುವುದು ದಿನಗಳನ್ನು. ಅಪರೂಪಕ್ಕೊಮ್ಮೆ ಒಂದೇ ದಿನ ಮೂರು ಮಾತ್ರೆ ಬೇಕಾದವರಿಗಿಂತ, ದಿನಾ ಬೆಳಗ್ಗೆ ಅರ್ಧ ಮಾತ್ರೆ ನುಂಗುವವರಿಗೆ ಈ ತಲೆನೋವಿನ ಅಪಾಯ ಜಾಸ್ತಿ.

ಮಂಡಿ ನೋವಿಗೆ, ಮುಟ್ಟಿನ ಹೊಟ್ಟೆನೋವಿಗೆ, ಮೈಕೈ ನೋವಿಗೆ ತಗೊಂಡ ನೋವಿನ ಮಾತ್ರೆಯನ್ನೂ ಎಣಿಸಿ. ತಲೆಗೆ ಹಚ್ಚುವ ಬಾಮ್ ಈ ಲೆಕ್ಕಕ್ಕೆ ಬರುವುದಿಲ್ಲ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳೂ ಬರುವುದಿಲ್ಲ. ಇಲ್ಲಿ ತುಂಬ ಜೋಪಾನವಾಗಿರಿ: ಹೃದಯಕ್ಕೆ ಅಂತ ದಿನಾ ತಗೊಳ್ಳುವ 75 ಮಿಲಿಗ್ರಾಂ ಆಸ್ಪಿರಿನ್ ತಲೆನೋವಿನ ಮಾತ್ರೆಯಲ್ಲ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ.

ಒಂದು ತಿಂಗಳು ಬರೆದ ಮೇಲೆ ಎಣಿಸಿ. ಅಂತಾರಾಷ್ಟ್ರೀಯ ತಲೆನೋವು ಸಂಘ 2018ರಲ್ಲಿ ಹೊರತಂದ ವರ್ಗೀಕರಣದಲ್ಲಿ ಗಡಿ ಹೀಗಿದೆ. ಮೊದಲೇ ತಲೆನೋವಿನ ಕಾಯಿಲೆ ಇರುವವರಿಗೆ ತಿಂಗಳಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ದಿನ ತಲೆ ನೋಯಬೇಕು. ಅದರ ಜೊತೆ ಮೂರು ತಿಂಗಳಿಗಿಂತ ಜಾಸ್ತಿ ಕಾಲ ಮಾತ್ರೆಯ ಬಳಕೆ ಮಿತಿ ಮೀರಿರಬೇಕು. ಆ ಮಿತಿ ಎಷ್ಟು ಅನ್ನುವುದು ಮಾತ್ರೆಯ ಒಳಗೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಅದಕ್ಕೇ ಎರಡನೇ ಹೆಜ್ಜೆ.

ಹೆಜ್ಜೆ 2: ಶೀಟಿನ ಹಿಂಭಾಗ ಓದಿ

ನಮ್ಮಲ್ಲಿ ಇದೇ ಕಷ್ಟದ ಕೆಲಸ. ಮೆಡಿಕಲ್ ಶಾಪಿನಲ್ಲಿ "ತಲೆನೋವಿಗೆ ಎರಡು ಗುಳಿಗೆ ಕೊಡಿ" ಅಂದರೆ ಕತ್ತರಿಯಿಂದ ಶೀಟ್ ಕತ್ತರಿಸಿ ಕೊಡುತ್ತಾರೆ. ಹೆಸರು ಇರುವ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಹಳ್ಳಿಗಳಲ್ಲಂತೂ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಬಣ್ಣ ಹೇಳಿಯೇ ಕೇಳುತ್ತಾರೆ. ಇನ್ನು ಮುಂದೆ ಹೆಸರಿರುವ ಶೀಟನ್ನೇ ಕೇಳಿ ತಗೊಳ್ಳಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ.

ಒಂದೇ ಔಷಧಿ ಇರುವ ಸಾದಾ ಮಾತ್ರೆಗಳು ಒಂದು ಗುಂಪು. ಪ್ಯಾರಾಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಇದರಲ್ಲಿ ಬರುತ್ತವೆ. ಡೋಲೋ 650ರಲ್ಲಿ ಇರುವುದು ಪ್ಯಾರಾಸಿಟಮಾಲ್ ಒಂದೇ. ಇವುಗಳಿಗೆ ಗಡಿ ತಿಂಗಳಿಗೆ 15 ದಿನ.

ಎರಡು ಮೂರು ಔಷಧಿ ಸೇರಿದ ಮಾತ್ರೆಗಳಿಗೆ ಗಡಿ 10 ದಿನ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಇವೆ. ಸಾರಿಡಾನ್‌ನಂಥ ಮಾತ್ರೆಯಲ್ಲಿ ನೋವಿನ ಔಷಧಿಯ ಜೊತೆ ಕೆಫೀನ್ ಕೂಡ ಇರುತ್ತದೆ, ಅಂದರೆ ಕಾಫಿ ಟೀಯಲ್ಲಿ ಇರುವ ಅದೇ ವಸ್ತು. ಮೈಗ್ರೇನ್‌ಗೆ ಅಂತಲೇ ಕೊಡುವ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್‌ಗೂ 10 ದಿನವೇ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗೂ 10. ದಿನಕ್ಕೊಂದು ಥರದ ಮಾತ್ರೆ ಬದಲಾಯಿಸಿ ತಗೊಂಡರೂ ದಿನಗಳು ಒಟ್ಟಿಗೇ ಸೇರುತ್ತವೆ.

ವಾಸೋಗ್ರೇನ್ ಥರದ ಮಾತ್ರೆಯಲ್ಲಿ ಎರ್ಗೋಟಮಿನ್ ಇರುತ್ತದೆ. ಇದಕ್ಕೂ 10 ದಿನದ ಗಡಿಯೇ, ಆದರೆ ಇದರ ಬಗ್ಗೆ ನನಗೆ ಉಳಿದವುಗಳಿಗಿಂತ ಜಾಸ್ತಿ ಭಯ. ಎರ್ಗೋಟಮಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಬಸುರಿಯರು, ಹೃದಯದ ತೊಂದರೆ ಅಥವಾ ಹತೋಟಿಗೆ ಬಾರದ ಬಿಪಿ ಇರುವವರು ಇದನ್ನು ಮುಟ್ಟಬಾರದು. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಜೊತೆಗೆ ಬಿದ್ದರೆ ಕೈಕಾಲಿಗೆ ರಕ್ತ ಹೋಗುವುದೇ ನಿಂತುಬಿಡಬಹುದು. ಪಕ್ಕದ ಮನೆಯವರಿಗೆ ವಾಸಿಯಾಯಿತು ಅಂತ ಸುಮ್ನೆ ತಂದು ನುಂಗುವ ಮಾತ್ರೆ ಖಂಡಿತ ಅಲ್ಲ.

ನನ್ನ 22 ದಿನಗಳಲ್ಲಿ 14 ದಿನ ಕೆಫೀನ್ ಸೇರಿದ ಮಾತ್ರೆ, ಉಳಿದ 8 ದಿನ ಪ್ಯಾರಾಸಿಟಮಾಲ್. ಗಡಿ ಎಂದೋ ದಾಟಿ ಬಂದಿದ್ದೆ.

ಹೀಗೆ ಯಾಕೆ ಆಗುತ್ತದೆ

ನಮ್ಮಪ್ಪ ಮಂಡಿ ನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗಿದರು. ಅವರಿಗೆ ತಲೆನೋವು ಬರಲಿಲ್ಲ. ನನಗೆ ಮಾತ್ರ ಯಾಕೆ ಬಂತು? ಯಾಕೆಂದರೆ ಈ ತೊಂದರೆ ಬರುವುದು ಮೊದಲೇ ಮೈಗ್ರೇನ್ ಅಥವಾ ಬಿಗಿತದ ತಲೆನೋವಿನ ಗುಣ ಇರುವವರಿಗೆ. ಅಂಥವರ ಮಿದುಳಿನಲ್ಲಿ ನೋವನ್ನು ಅಳೆಯುವ ವ್ಯವಸ್ಥೆ ಮೊದಲೇ ಸೂಕ್ಷ್ಮ. ಪದೇ ಪದೇ ಮಾತ್ರೆ ಬಿದ್ದರೆ ಅದು ಇನ್ನೂ ಸೂಕ್ಷ್ಮವಾಗುತ್ತದೆ. ಮೊದಲು ಲೆಕ್ಕಕ್ಕೇ ಬಾರದಿದ್ದ ಸಣ್ಣ ಕಾರಣಕ್ಕೂ ನೋವು ಎದ್ದು ಬರುತ್ತದೆ. ರಾತ್ರಿಯೆಲ್ಲ ಮಾತ್ರೆ ಇಲ್ಲದೆ ಮೈಯಲ್ಲಿ ಔಷಧಿ ಇಳಿದಿರುತ್ತದೆ, ಅದಕ್ಕೇ ಬೆಳಗ್ಗೆ ಏಳುವಾಗಲೇ ನೋವು. ಒಂದು ಮಾತ್ರೆ ನುಂಗಿದರೆ ಹಗುರ. ಆ ಹಗುರವೇ ನಮ್ಮನ್ನು ನಂಬಿಸಿಬಿಡುತ್ತದೆ.

ಇದು ಚಟ ಅಂತ ಯಾರಾದರೂ ಅಂದರೆ ನನಗೆ ತುಂಬಾ ನೋವಾಗುತ್ತದೆ. ಅಂಗಡಿಯಲ್ಲಿ ಗಿರಾಕಿಗಳ ಎದುರು ತಲೆ ಹಿಡಿದು ಕೂರಲಾಗದೆ, ಮನೆಯಲ್ಲಿ ರೊಟ್ಟಿ ತಟ್ಟುವುದು ನಿಲ್ಲಬಾರದೆಂದು ಮಾತ್ರೆ ನುಂಗಿದವರು ನಾವು. ಹೆಂಗಸರು ಇದನ್ನು ಮನೆಯವರಿಂದ ಮುಚ್ಚಿಡುವುದನ್ನು ನೋಡಿದ್ದೇನೆ. ದಯವಿಟ್ಟು ಮುಚ್ಚಿಡಬೇಡಿ.

ಅಪ್ಪನ ಮಾತು ಬಂತಲ್ಲ, ಅದನ್ನೂ ಪೂರ್ತಿ ಮಾಡುತ್ತೇನೆ. ತಲೆನೋವು ಬರದಿದ್ದರೂ ನೋವಿನ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿ ಹಾಳಾಗಬಹುದು. ಅಂಥವರು ಮನೆಯಲ್ಲಿದ್ದರೆ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಹೆಜ್ಜೆ 3: ಡಾಕ್ಟರ ಹತ್ತಿರ ಹೋಗುವಾಗ

ಕ್ಯಾಲೆಂಡರ್ ಹಾಳೆಯ ಫೋಟೊ ತೆಗೆದುಕೊಳ್ಳಿ. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಶೀಟನ್ನೂ ಒಂದು ಕವರಿನಲ್ಲಿ ಹಾಕಿಕೊಳ್ಳಿ. ನಿದ್ದೆ ಮಾತ್ರೆ, ಆಯುರ್ವೇದದ ಗುಳಿಗೆ, ಗರ್ಭನಿರೋಧಕ ಮಾತ್ರೆ ಇದ್ದರೆ ಅವೂ ಇರಲಿ. ಮೊದಲು ನಿಮ್ಮ ಮಾಮೂಲಿ ಡಾಕ್ಟರೇ ಸಾಕು. ಅವರು ಹೇಳಿದರೆ ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎಸ್.ಎಸ್. ಆಸ್ಪತ್ರೆ ಹತ್ತಿರದಲ್ಲೇ ಇವೆ. ಚಿತ್ರದುರ್ಗದ ಕಡೆಯವರಿಗೆ ಅಲ್ಲಿನ ಜಿಲ್ಲಾಸ್ಪತ್ರೆ ಇದೆ. ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್.

ಸ್ಕ್ಯಾನ್ ಮಾಡಿಸಲೇಬೇಕು ಅಂತ ಹಟ ಹಿಡಿಯಬೇಡಿ. ಈ ತಲೆನೋವನ್ನು ಗುರುತಿಸುವುದು ನಿಮ್ಮ ಮಾತಿನಿಂದ, ನಿಮ್ಮ ಲೆಕ್ಕದಿಂದ. ಬೇರೆ ಅನುಮಾನ ಇದ್ದರೆ ಡಾಕ್ಟರೇ ಸ್ಕ್ಯಾನ್ ಬರೆಯುತ್ತಾರೆ. ಸ್ಕ್ಯಾನ್ ನಾರ್ಮಲ್ ಬಂದರೆ ನೋವು ಸುಳ್ಳು ಅಂತ ಅರ್ಥವಲ್ಲ, ಈ ಮಾತನ್ನು ಮನೆಯವರಿಗೂ ಹೇಳಿ.

ಕೇಳಲೇಬೇಕಾದ ಪ್ರಶ್ನೆ: "ಇದರಲ್ಲಿ ಯಾವುದನ್ನು ಒಂದೇ ಸಲ ನಿಲ್ಲಿಸಬಹುದು, ಯಾವುದನ್ನು ನಿಧಾನವಾಗಿ ಇಳಿಸಬೇಕು?" ಸಾದಾ ನೋವಿನ ಮಾತ್ರೆ, ಟ್ರಿಪ್ಟಾನ್‌ಗಳನ್ನು ಸಾಮಾನ್ಯವಾಗಿ ಒಂದೇ ದಿನ ನಿಲ್ಲಿಸಲು ಹೇಳುತ್ತಾರೆ. ಟ್ರಮಡಾಲ್, ಕೊಡೀನ್ ಇದ್ದರೆ ಮತ್ತು ಆಲ್ಪ್ರಜೋಲಾಂನಂಥ ನಿದ್ದೆ ಮಾತ್ರೆ ದಿನಾ ತಗೊಳ್ಳುತ್ತಿದ್ದರೆ ಹಾಗೆ ಮಾಡುವಂತಿಲ್ಲ. ನಿದ್ದೆ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕೆಲವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಬಿಡಿಸಬೇಕಾಗುತ್ತದೆ.

ಇನ್ನೊಂದು ಪ್ರಶ್ನೆ: "ನೋವು ಬರದ ಹಾಗೆ ತಡೆಯುವ ಮಾತ್ರೆ ನನಗೆ ಬೇಕಾ?" ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನಾರಿಜಿನ್ ಇಂಥವು. ಇವನ್ನು ದಿನಾ ತಗೊಂಡರೂ ಈ ತಲೆನೋವು ಬರುವುದಿಲ್ಲ, ಯಾಕೆಂದರೆ ಇವು ನೋವು ಕೊಲ್ಲುವ ಮಾತ್ರೆಗಳಲ್ಲ. 2020ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಒಂದು ಅಧ್ಯಯನದಲ್ಲಿ 120 ಜನರನ್ನು ಮೂರು ಗುಂಪು ಮಾಡಿ ನೋಡಿದರು. ನೋವಿನ ಮಾತ್ರೆ ನಿಲ್ಲಿಸುವುದರ ಜೊತೆಗೇ ತಡೆಯುವ ಮಾತ್ರೆಯನ್ನೂ ಶುರು ಮಾಡುವ ದಾರಿಯೇ ಒಳ್ಳೆಯದು ಅಂತ ಅವರು ಹೇಳಿದರು. ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಆಗದು. ಮಗು ಬೇಕು ಅಂತ ಇರುವವರಿಗೆ ಟೋಪಿರಮೇಟ್ ಆಗದು. ಇದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಇವು ಕೆಲಸ ಶುರು ಮಾಡಲು ಆರರಿಂದ ಎಂಟು ವಾರ ಬೇಕು. ಹತ್ತು ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಿಟ್ಟುಬಿಡಬೇಡಿ.

ಹೆಜ್ಜೆ 4: ದಿನ ಗೊತ್ತು ಮಾಡಿ

ಮಾತ್ರೆ ನಿಲ್ಲಿಸುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಮದುವೆ ಸೀಸನ್, ದುಗ್ಗಮ್ಮನ ಜಾತ್ರೆ, ಮಕ್ಕಳ ಪರೀಕ್ಷೆ, ಮಾರ್ಚ್ ಲೆಕ್ಕ, ಇವೆಲ್ಲ ಬೇಡ. ಏಪ್ರಿಲ್ ಮೇ ತಿಂಗಳ ನಮ್ಮೂರ ಬಿಸಿಲೂ ಬೇಡ. ನಾನು ಜೂನ್‌ನಲ್ಲಿ ಮಳೆ ಬಿದ್ದು ಊರು ತಂಪಾದ ಮೇಲೆ ಶುರು ಮಾಡಿದೆ. ಅಂಗಡಿಯಲ್ಲಿ ಒಂದು ವಾರ ರಜೆ ಕೇಳಿದೆ.

ಮನೆಯವರನ್ನು ಕೂರಿಸಿಕೊಂಡು ಹೇಳಬೇಕು. ನನ್ನ ಅತ್ತೆಗೆ ಇದು ಅರ್ಥವೇ ಆಗಲಿಲ್ಲ. "ಯಾಕವ್ವಾ ಹಿಂಗ್ ಒದ್ದಾಡ್ತೀ, ಒಂದು ಗುಳಿಗಿ ನುಂಗಿ ಮಲಗಬಾರದಾ?" ಅಂತ ಪ್ರೀತಿಯಿಂದಲೇ ಅಂದರು. ನಮ್ಮವರು ಕ್ಯಾಲೆಂಡರ್ ತೋರಿಸಿ ವಿವರಿಸಿದ ಮೇಲೆ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಅತ್ತೆಯೇ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಪರ್ಸು, ಅಂಗಡಿಯ ಡ್ರಾ, ದೇವರ ಮನೆ ಪಕ್ಕದ ಡಬ್ಬಿ, ಎಲ್ಲ ಕಡೆ ಹುಡುಕಿ ತೆಗೆಸಿ. ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕವು.

ಟೀ ಕಾಫಿಯ ವಿಚಾರ. ಅದನ್ನೂ ಅದೇ ದಿನ ಬಿಡುತ್ತೇನೆ ಅಂತ ಹೊರಡಬೇಡಿ. ಕೆಫೀನ್ ನಿಲ್ಲಿಸಿದರೆ 12ರಿಂದ 24 ಗಂಟೆಯಲ್ಲಿ ಅದರದ್ದೇ ಬೇರೆ ತಲೆನೋವು ಶುರುವಾಗುತ್ತದೆ. ದಿನಕ್ಕೆ ಆರು ಲೋಟ ಕುಡಿಯುವವರು ಎರಡು ಮೂರು ವಾರ ಮೊದಲಿನಿಂದಲೇ ಒಂದೊಂದೇ ಇಳಿಸುತ್ತಾ ಬನ್ನಿ, ಎರಡಕ್ಕೆ ನಿಲ್ಲಿಸಿ.

ಹೆಜ್ಜೆ 5: ಆ ಹತ್ತು ದಿನ

ಸುಲಭ ಅಂತ ಹೇಳಿ ನಿಮಗೆ ಮೋಸ ಮಾಡಲಾರೆ. ಮಾತ್ರೆ ನಿಂತ ಮೇಲೆ ನೋವು ಮೊದಲಿಗಿಂತ ಜೋರಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ಹತ್ತು ದಿನ. ಟ್ರಿಪ್ಟಾನ್ ಬಿಟ್ಟವರಿಗೆ ನಾಲ್ಕೈದು ದಿನದಲ್ಲೇ ಇಳಿಯುವುದುಂಟು, ಸಾದಾ ನೋವಿನ ಮಾತ್ರೆ ಬಿಟ್ಟವರಿಗೆ ಒಂಬತ್ತು ಹತ್ತು ದಿನ ಹಿಡಿಯುತ್ತದೆ. ವಾಕರಿಕೆ, ವಾಂತಿ, ನಿದ್ದೆ ಬಾರದಿರುವುದು, ಎದೆ ಹೊಡೆದುಕೊಳ್ಳುವುದು, ಸುಮ್ನೆ ಅಳು ಬರುವುದು, ಇವೂ ಜೊತೆಗಿರುತ್ತವೆ. ನೋವು ಏರಿದ್ದು ಮಾತ್ರೆ ಬೇಕೇ ಬೇಕು ಅನ್ನುವುದಕ್ಕೆ ಸಾಕ್ಷಿಯಲ್ಲ. ಬಿಡುವಾಗ ಹೀಗೇ ಆಗುತ್ತದೆ.

ನನಗೆ ಮೊದಲ ದಿನ ಮಾಮೂಲಿ ನೋವು. ಎರಡನೇ ದಿನ, ಮೂರನೇ ದಿನ ಬಾತ್‌ರೂಮಿಗೆ ಗೋಡೆ ಹಿಡಿದು ಹೋದೆ. ನಾಲ್ಕನೇ ರಾತ್ರಿ ಕಣ್ಣು ಮುಚ್ಚಲಿಲ್ಲ. "ಅತ್ತೆ, ಬೀಗದ ಕೈ ಕೊಡ್ರೀ" ಅಂತ ಅತ್ತುಬಿಟ್ಟೆ. ಅವರು ಕೊಡಲಿಲ್ಲ. ಒದ್ದೆ ಬಟ್ಟೆ ಹಿಂಡಿ ಹಣೆಗೆ ಹಾಕುತ್ತಾ ಬೆಳಗಿನವರೆಗೆ ಕೂತಿದ್ದರು. ಆರನೇ ದಿನ ನೋವು ಇತ್ತು, ಆದರೆ ಅದರ ಅಂಚು ಮೊಂಡಾಗಿತ್ತು. ಒಂಬತ್ತನೇ ದಿನ ಬೆಳಗ್ಗೆ ಎದ್ದು ಹಲ್ಲುಜ್ಜಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಡುತ್ತಿರುವಾಗ ತಲೆ ನೋಯುತ್ತಿಲ್ಲ ಅನ್ನುವುದು ಗೊತ್ತಾಯಿತು. ಎಷ್ಟು ತಿಂಗಳ ನಂತರ ಅಂತ ನನಗೇ ನೆನಪಾಗಲಿಲ್ಲ.

ಆ ದಿನಗಳಲ್ಲಿ ಕೆಲಸಕ್ಕೆ ಬಂದದ್ದು ಇಷ್ಟು. ಪರದೆ ಎಳೆದ ಕೋಣೆ. ಗಂಟೆಗೊಂದು ಲೋಟ ನೀರು, ಮಜ್ಜಿಗೆ ಅಥವಾ ಓಆರ್‌ಎಸ್. ಹಸಿವಿಲ್ಲದಿದ್ದರೂ ಹೊತ್ತು ಹೊತ್ತಿಗೆ ರಾಗಿ ಗಂಜಿ, ಮೆತ್ತಗಿನ ಅನ್ನ ಸಾರು. ವಾಕರಿಕೆಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ, ಅದರ ಜೊತೆ ಶುಂಠಿ ಕಷಾಯ. ಬಾಮ್ ಹಚ್ಚಿಕೊಳ್ಳಬಹುದು. ಫೋನ್ ದೂರ ಇಡಿ. ಕೆಲವರಿಗೆ ಈ ದಿನಗಳನ್ನು ದಾಟಿಸಲು ಡಾಕ್ಟರು ಬೇರೆ ಔಷಧಿಯನ್ನು ಎಣಿಸಿ, ಸ್ವಲ್ಪ ದಿನಕ್ಕೆ ಮಾತ್ರ ಕೊಡುತ್ತಾರೆ. ಅದು ಅವರ ತೀರ್ಮಾನ, ನೀವಾಗಿ ಹುಡುಕಿ ತಗೊಳ್ಳಬೇಡಿ.

ನೀರೂ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾದರೆ, ಮೂತ್ರ ತುಂಬಾ ಕಡಿಮೆಯಾದರೆ, ಮಾತು ಗೊಂದಲವಾದರೆ, ಬದುಕೇ ಬೇಡ ಅನ್ನಿಸಿದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಮೇಲೆ ಹೇಳಿದ ಅಪಾಯದ ಗುರುತುಗಳನ್ನು "ಮಾತ್ರೆ ಬಿಟ್ಟಿದ್ದಕ್ಕೆ" ಅಂತ ತಳ್ಳಿಹಾಕಬೇಡಿ.

ಹೆಜ್ಜೆ 6: ಆಮೇಲೆ

ಫಲ ಪೂರ್ತಿ ಕಾಣಲು ಎರಡು ತಿಂಗಳು ಬೇಕು. ಅರ್ಧಕ್ಕಿಂತ ಜಾಸ್ತಿ ಜನರಿಗೆ ತಲೆನೋವಿನ ದಿನಗಳು ಕಡಿಮೆಯಾಗುತ್ತವೆ. ಮೂಲ ಮೈಗ್ರೇನ್ ಹೋಗುವುದಿಲ್ಲ. ನನಗೆ ಈಗಲೂ ತಿಂಗಳಿಗೆ ಮೂರು ನಾಲ್ಕು ಸಲ ಬರುತ್ತದೆ. ಆದರೆ ನೋವು ಬಂದಾಗ ನುಂಗಿದ ಮಾತ್ರೆ ಈಗ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲು ಮಾಡುತ್ತಿರಲಿಲ್ಲ.

ಈಗಿನ ನಿಯಮ: ವಾರಕ್ಕೆ ಹೆಚ್ಚೆಂದರೆ ಎರಡು ದಿನ. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಡಾಕ್ಟರು ಚೀಟಿಯಲ್ಲಿ ಬರೆದಿದ್ದಾರೆ. ನೋವು ಬರಬಹುದು ಅನ್ನುವ ಹೆದರಿಕೆಗೆ, ಬಸ್ ಹತ್ತುವ ಮೊದಲೇ ಒಂದು ನುಂಗುವ ಅಭ್ಯಾಸ ನನಗಿತ್ತು. ಅದನ್ನು ಬಿಟ್ಟೆ. ನಿಜವಾದ ಮೈಗ್ರೇನ್ ಬಂದರೆ ತಡ ಮಾಡದೆ, ಶುರುವಿನಲ್ಲೇ ತಗೊಳ್ಳುತ್ತೇನೆ.

ಊಟ ತಪ್ಪಿಸುವುದು, ನಿದ್ದೆಗೆಡುವುದು, ಬಿಸಿಲು, ಇವು ಮೈಗ್ರೇನ್ ಇರುವವರಿಗೆ ಆಗಿಬರುವುದಿಲ್ಲ. ಏಕಾದಶಿ, ಸೋಮವಾರದ ಉಪವಾಸ ಮಾಡುವವರು ಹಣ್ಣು, ಹಾಲು, ನೀರನ್ನಾದರೂ ಬಿಡಬೇಡಿ. ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ತಿಂದ ಮರುದಿನ ನೋವು ಬಂತಾ ಅಂತ ಕ್ಯಾಲೆಂಡರಿನಲ್ಲೇ ನೋಡಿ. ನನಗೆ ಬರಲಿಲ್ಲ, ತಿನ್ನುತ್ತೇನೆ. ಅಂಗಡಿಗೆ ಹೋಗುವ ಆತುರದಲ್ಲಿ ಬೆಳಗಿನ ತಿಂಡಿ ಬಿಟ್ಟ ದಿನಗಳಲ್ಲೇ ನನ್ನ "ನೋ" ಜಾಸ್ತಿ ಇದ್ದವು. ವಾರಕ್ಕೆ ನಾಲ್ಕೈದು ದಿನ ಬೆಳಗ್ಗೆ ಕುಂದವಾಡ ಕೆರೆಯ ಹತ್ತಿರ ನಡೆಯುತ್ತೇನೆ.

ಮುಟ್ಟಿನ ಸಮಯಕ್ಕೆ ಸರಿಯಾಗಿ ಮೈಗ್ರೇನ್ ಬರುವವರಿಗೆ ಆ ಮೂರು ನಾಲ್ಕು ದಿನಕ್ಕೇ ವಾರದ ಲೆಕ್ಕ ಮೀರಿಹೋಗುತ್ತದೆ. ಅದಕ್ಕೆ ಬೇರೆ ಉಪಾಯ ಇದೆ, ಡಾಕ್ಟರ ಹತ್ತಿರ ಮೊದಲೇ ಮಾತಾಡಿ.

ಮತ್ತೆ ಹಳೆಯ ಹಾದಿಗೆ ಜಾರುವುದು ಮೊದಲ ವರ್ಷದಲ್ಲೇ ಜಾಸ್ತಿ. ಆ ಒಂದು ವರ್ಷ ಕ್ಯಾಲೆಂಡರ್ ಬಿಡಬೇಡಿ. ನನಗೂ ಎಂಟನೇ ತಿಂಗಳಲ್ಲಿ, ದೀಪಾವಳಿ ವ್ಯಾಪಾರದ ಒತ್ತಡ ಮುಗಿದ ಮೇಲೂ, "ಮಾ" 9ಕ್ಕೆ ಬಂದಿತ್ತು. 10 ಆಗುವವರೆಗೆ ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆ. ತಡೆಯುವ ಮಾತ್ರೆಯ ಪ್ರಮಾಣವನ್ನು ಅವರು ಸ್ವಲ್ಪ ಏರಿಸಿದರು. ಮುಂದಿನ ತಿಂಗಳು "ಮಾ" 5ಕ್ಕೆ ಇಳಿಯಿತು.